ಕಮಲಿಯ ತೋಟ

ಆ ಹೂವು ಎಸಳು ಉದುರಿಸುವುದಿಲ್ಲ. ತೊಟ್ಟಿನಿಂದ ಇಡಿಯಾಗಿ ಕಳಚಿಕೊಂಡು, ಮುಖ ಮೇಲೆ ಮಾಡಿ ನೆಲಕ್ಕೆ ಬೀಳುತ್ತದೆ. ಬಿದ್ದ ಮರುದಿನ ಹೊರಗಿನ ಎಸಳಿನ ಅಂಚಿನಲ್ಲಿ, ಸೀದ ಅಕ್ಕಿರೊಟ್ಟಿಯ ಅಂಚಿನಂತೆ, ಒಂದು ಕಂದು ಗೆರೆ ಮೂಡುತ್ತದೆ. ಆ ಗೆರೆ ನಡುವಿಗೆ ತಲುಪುವ ಮೊದಲೇ ಹೂವನ್ನು ಹೆಕ್ಕಿ ದೂರ ಹಾಕಬೇಕು. ಇಲ್ಲದಿದ್ದರೆ ಕೊಳೆ ಮಣ್ಣಿಗಿಳಿದು ಮುಂದಿನ ವರ್ಷದ ಹೂವಿಗೆ ಹತ್ತುತ್ತದೆ. ನಮ್ಮ ಮನೆಯಲ್ಲಿ ಇದು ಗೊತ್ತಿದ್ದದ್ದು ಅಜ್ಜನಿಗೆ ಮತ್ತು ನನಗೆ. ಉಳಿದವರ ಪಾಲಿಗೆ ಅದು ಕೆಲಸಕ್ಕೆ ಬಾರದ ಹೂವು. ವಾಸನೆಯಿಲ್ಲ, ಆದ್ದರಿಂದ ದೇವರಿಗೆ ಬೇಡ. ಭಾರ, ಆದ್ದರಿಂದ ಮುಡಿಗೂ ಬೇಡ. ನನ್ನ ದೊಡ್ಡವ್ವ ಒಮ್ಮೆ ಮುಡಿದುಕೊಂಡು ಒಲೆಯ ಮುಂದೆ ಬಗ್ಗಿದಾಗ ಅದು ಇಡಿಯಾಗಿ ಸಾರಿನ ಪಾತ್ರೆಗೆ ಬಿದ್ದಿತ್ತು. ಅಂದಿನಿಂದ ಅವರು ಆ ಗಿಡಗಳನ್ನು, ಮಾತು ಬಿಟ್ಟ ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದರು.

ಗಿಡಗಳು ನಮ್ಮವಾಗಿರಲಿಲ್ಲ. ಅಜ್ಜ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದ. ಅಂದರೆ ಆಳುಗಳ ಹಾಜರಿ ಬರೆಯುವವ, ದೊರೆಯ ಬೈಗುಳವನ್ನು ಕನ್ನಡಕ್ಕೆ ಇಳಿಸಿ ಮೆತ್ತಗೆ ಮಾಡಿ ಹೇಳುವವ. ಬ್ರಿಟಿಷರು ಹೋದ ಮೇಲೆ ಕೊಡಗು ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ದೊರೆ ಎಸ್ಟೇಟನ್ನು ಬೇರೆ ಯಾರಿಗೋ ಮಾರಿ, ಬಂಗಲೆಯನ್ನೂ ಅದರ ಸುತ್ತಲಿನ ಹೂತೋಟವನ್ನೂ ಅಜ್ಜನ ಹೆಸರಿಗೆ ಬರೆದು ಹಡಗು ಹತ್ತಿದ. ಹೀಗೆ ಒಂದೂ ಕಾಫಿ ಗಿಡವಿಲ್ಲದ ನಾವು ಎಸ್ಟೇಟ್ ಬಂಗಲೆಯೊಂದಕ್ಕೆ ವಾರಸುದಾರರಾದೆವು. ನನ್ನ ದೊಡ್ಡಪ್ಪನ ತಲೆ ಕೆಡಲು ಅಷ್ಟು ಸಾಕಿತ್ತು.

ಬಂಗಲೆಯಲ್ಲಿ ನಾವು ಬದುಕಿದ ರೀತಿಯನ್ನು ಈಗ ನೆನೆದರೂ ನನಗೆ ಮುಖ ಬಿಗಿಯುತ್ತದೆ. ಊಟದ ಮೇಜು ಅಷ್ಟುದ್ದ ಇತ್ತು. ನಾವು ಅದರ ಪಕ್ಕದಲ್ಲಿ ನೆಲದ ಮೇಲೆ ಚಾಪೆ ಹಾಸಿ ಉಣ್ಣುತ್ತಿದ್ದೆವು, ಮೇಜಿನ ಮೇಲೆ ಕರಿಮೆಣಸು ಒಣಗುತ್ತಿತ್ತು. ದೊಡ್ಡಪ್ಪ ಮಾತ್ರ ಒಂದು ತುದಿಯಲ್ಲಿ ಮೆಣಸನ್ನು ಮೊಣಕೈಯಿಂದ ಸರಿಸಿ, ಕುರ್ಚಿಯಲ್ಲಿ ಕೂತು, ದೊರೆಯ ಹಿತ್ತಾಳೆ ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿ ಬರಲು ಬಟ್ಲರ್ ಇರಲಿಲ್ಲ, ದೊಡ್ಡವ್ವ ಇದ್ದರು. ಅವರು ಕೈಯಲ್ಲಿ ಸೌಟು ಹಿಡಿದು ಅಡುಗೆಮನೆಯಿಂದಲೇ, "ಕಿವಿ ಉಟ್ಟು ನಂಗೆ, ಬಾಯಿಲಿ ಕರೆದರೂ ಕೇಳ್ತದೆ" ಎನ್ನುತ್ತಿದ್ದರು. ನಮ್ಮ ಮನೆಮಾತಿನಲ್ಲಿ ಉಟ್ಟು ಅಂದರೆ ಇದೆ. ಸ್ನಾನದ ಪಿಂಗಾಣಿ ತೊಟ್ಟಿಯಲ್ಲಿ ಮಳೆಗಾಲವಿಡೀ ಹೆಚ್ಚಿದ ಕಣಿಲೆ, ಅಂದರೆ ಎಳೆಬಿದಿರು, ನೆನೆಯುತ್ತಿತ್ತು. ಗೋಡೆಯ ಮೇಲಿನ ಕಾಡುಕೋಣದ ತಲೆಗೆ ಕೊಡೆ ನೇತುಹಾಕುತ್ತಿದ್ದರು. ಇದರಲ್ಲಿ ತಪ್ಪೇನೂ ಇರಲಿಲ್ಲ. ಕಣಿಲೆಗೆ ಅಷ್ಟು ಒಳ್ಳೆಯ ತೊಟ್ಟಿ ಕೊಡಗಿನಲ್ಲಿ ಇನ್ನೊಂದಿರಲಾರದು. ನನಗೆ ಸಹಿಸಲಾಗದೆ ಇದ್ದದ್ದು ದೊಡ್ಡಪ್ಪನ ಇಂಗ್ಲಿಷು. ಅದು ಹತ್ತಿಪ್ಪತ್ತು ಮಾತುಗಳ ಗಂಟು. ಅದನ್ನು ಅವರು ಯಾರಿಗೂ ಪೂರ್ತಿ ಬಿಚ್ಚಿ ತೋರಿಸುತ್ತಿರಲಿಲ್ಲ. ಗೋಣಿಕೊಪ್ಪಲಿನ ಸಂತೆಯಲ್ಲಿ ಯಾರಾದರೂ ಇಂಗ್ಲಿಷ್ ಕಾಗದ ತಂದರೆ ಅದನ್ನು ದೂರ ಹಿಡಿದು, ಗಂಟಲು ಸರಿಮಾಡಿಕೊಂಡು, "ಇದು ಓದಿ ಹೇಳುವಂಥದ್ದಲ್ಲ, ಕೂತು ಯೋಚನೆ ಮಾಡುವಂಥದ್ದು" ಎಂದು ಹಿಂದಕ್ಕೆ ಕೊಡುತ್ತಿದ್ದರು. ಜನ ನಂಬುತ್ತಿದ್ದರು. ನನ್ನ ಅಪ್ಪ ಮೂರ್ನಾಡಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು, ಅಪರೂಪಕ್ಕೆ ಮನೆಗೆ ಬಂದು, ಯಾವ ಜಗಳದಲ್ಲೂ ಅಭಿಪ್ರಾಯ ಇಟ್ಟುಕೊಳ್ಳದೆ ಹಿಂದಿರುಗುತ್ತಿದ್ದ.

ಅಜ್ಜ ದಿನವಿಡೀ ತೋಟದಲ್ಲಿರುತ್ತಿದ್ದ. ಬಂಗಲೆಯ ಹಿಂದಿನ ಇಳಿಜಾರಿನಲ್ಲಿ, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ, ಆಳೆತ್ತರಕ್ಕಿಂತ ಎತ್ತರ ಬೆಳೆದ ಗಿಡಗಳು ಸಾಲಾಗಿದ್ದವು. ಕೆಂಪು, ಬಿಳಿ, ಬಿಳಿಯ ಮೇಲೆ ಕುಂಕುಮ ಚಿಮುಕಿಸಿದಂಥವು. ಪುತ್ತರಿಯ ಸುಗ್ಗಿಹಬ್ಬದ ಹೊತ್ತಿಗೆ ಅರಳಲು ಶುರುವಾಗಿ ಬೇಸಗೆ ಬರುವವರೆಗೂ ಅರಳುತ್ತಿದ್ದವು. ಅಜ್ಜ ನನಗೆ ಒಂದು ಗೊಂಚಲಿನ ಮೊಗ್ಗುಗಳಲ್ಲಿ ದಪ್ಪನೆಯದೊಂದನ್ನು ಉಳಿಸಿ ಮಿಕ್ಕವನ್ನು ಚಿವುಟಲು ಕಲಿಸಿದ. ಬುಡದ ಮಣ್ಣು ಅಗೆಯಬಾರದು, ಬೇರು ಮೇಲೆಯೇ ಇರುತ್ತದೆ, ಒಣ ಎಲೆ ಹೊದಿಸಬೇಕು ಎಂದು ಕಲಿಸಿದ. ಯಾಕೆ ಎಂದು ಕೇಳಿದರೆ, "ದೊರೆಸಾನಿ ಹಾಂಗೆ ಮಾಡ್ತಿತ್ತ್" ಎನ್ನುತ್ತಿದ್ದ. ಅಷ್ಟೇ ಅವನ ಶಾಸ್ತ್ರ. ಗಿಡದ ಹೆಸರನ್ನೂ ಅವನು ದೊರೆಸಾನಿಯ ಬಾಯಿಂದಲೇ ಎತ್ತಿಕೊಂಡಿದ್ದ, ತನ್ನ ಕಿವಿಗೆ ಬಿದ್ದ ಹಾಗೆ. ಕಮಲಿಯ ಗಿಡ, ಕಮಲಿಯ ಹೂ, ಕಮಲಿಯ ತೋಟ. ಮನೆಯವರೂ ಆಳುಗಳೂ ಹಾಗೆಯೇ ಕರೆದರು. ಸಾಯುವ ಮುಂಚಿನ ದಿನಗಳಲ್ಲಿ ಅಜ್ಜ ಮಕ್ಕಳಿಬ್ಬರನ್ನೂ ಮಂಚದ ಬಳಿ ಕರೆದು, ಬಂಗಲೆ ಇಬ್ಬರಿಗೂ ಎಂದು ಹೇಳಿ, ಆಮೇಲೆ ನನ್ನ ಕಡೆ ಕೈ ತೋರಿಸಿದ.

"ಗಿಡ ನೋಡ್ಕೊಳ್ಳುದು ಗೂಡೆ."

ಗೂಡೆ ಅಂದರೆ ಹುಡುಗಿ. ನಾನು ಆಗ ಇನ್ನೂ ಲಂಗದ ವಯಸ್ಸಿನವಳು. ದೊಡ್ಡಪ್ಪ ನಕ್ಕರು. ವಾಸನೆಯಿಲ್ಲದ ಹೂವನ್ನು ಒಂದು ಹುಡುಗಿಗೆ ಬಿಟ್ಟುಕೊಡುವುದರಲ್ಲಿ ಅವರಿಗೆ ಆಗ ಯಾವ ನಷ್ಟವೂ ಕಾಣಲಿಲ್ಲ.

ನಷ್ಟ ಕಂಡದ್ದು ಅಜ್ಜ ಹೋದ ಮುಂದಿನ ವರ್ಷ. ಸುತ್ತಲಿನವರೆಲ್ಲ ಕಿತ್ತಳೆ ಹಾಕುತ್ತಿದ್ದರು. ಹೂತೋಟದ ಇಳಿಜಾರಿನಲ್ಲಿ ಕಿತ್ತಳೆ ಬಂದರೆ ತಾವೂ "ನಮ್ಮ ಎಸ್ಟೇಟ್" ಎನ್ನಬಹುದು ಎಂಬುದು ದೊಡ್ಡಪ್ಪನ ತಲೆಗೆ ಹೊಳೆಯಿತು. ಹಣ್ಣಿನ ಆಸೆ ಅವರಿಗಿರಲಿಲ್ಲ, ಆ ಶಬ್ದದ ಆಸೆ ಇತ್ತು. ನಾನು ಶಾಲೆಗೆ ಹೋಗಿದ್ದಾಗ ಆಳುಗಳನ್ನು ಕರೆಸಿದರು. ಮೊದಲ ಗಿಡಕ್ಕೆ ಕತ್ತಿ ಬೀಸಿದವನ ಕೈ ಜಾರಿ, ಕತ್ತಿ ಅವನ ಮೀನಖಂಡಕ್ಕೆ ಬಿತ್ತು. ಆಳುಗಳು ಅವನನ್ನು ಹೊತ್ತುಕೊಂಡು ಹೋದರು, ಮತ್ತೆ ಬರಲಿಲ್ಲ. ಕತ್ತಿಯ ಹಿಡಿ ಸಡಿಲವಾಗಿತ್ತು. ನಾನು ಸಂಜೆ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಹಿಡಿ ಸಡಿಲವಾದದ್ದಕ್ಕೆ ಯಾರೂ ಗಾಯಗೊಳ್ಳುವುದಿಲ್ಲ. ಕಕ್ಕಬೆ ಕಡೆಯ ಕಣಿ ಹೇಳುವವನೊಬ್ಬನನ್ನು ಕರೆತಂದರು. ಅವನು ಜಗಲಿಯಲ್ಲಿ ಕೂತು, ಅಕ್ಕಿಕಾಳು ಚೆಲ್ಲಿ, ಕೇಳಿದ್ದು ಎರಡೇ ಪ್ರಶ್ನೆ.

"ಆ ಜಾಗ ಯಾರದ್ದು?"

"ಕಮಲಿಯ ತೋಟ ಹೇಳಿ ಹೇಳುದು," ಎಂದರು ದೊಡ್ಡವ್ವ.

"ಕಮಲಿ ಯಾರ್?"

ಉತ್ತರ ಗೊತ್ತಿರಬಹುದಾಗಿದ್ದ ಒಬ್ಬನೂ ಸತ್ತಿದ್ದ.

"ನೋಡಿ," ಎಂದ ಅವನು. "ಇಷ್ಟ್ ಜನಲಿ ಅದರ ಗುರ್ತ ಹೇಳಿಕೆ ಒಬ್ಬರೂ ಇಲ್ಲೆ. ಕೋಪ ಬಾರದೆ ಇರುದಾ?"

ಕನ್ನಡ ವ್ಯಾಕರಣದ ಒಂದು ವಿಭಕ್ತಿ ಪ್ರತ್ಯಯದಿಂದ ಒಬ್ಬ ಹೆಂಗಸು ಹುಟ್ಟಿದ್ದು ಹೀಗೆ. ದೊರೆಸಾನಿಯ ಶಬ್ದದ ಕೊನೆಯ 'ಯ'ಕಾರ ನಮ್ಮವರ ಕಿವಿಗೆ ಷಷ್ಠಿಯಾಗಿ ಕೇಳಿಸಿತ್ತು. ಷಷ್ಠಿ ಇದ್ದ ಮೇಲೆ ಒಡತಿ ಬೇಡವೇ? ಒಡತಿ ಸಿಕ್ಕ ಮೇಲೆ ಮಿಕ್ಕದ್ದು ತಾನಾಗಿ ಬಂತು. ಸ್ವಲ್ಪ ದಿನದಲ್ಲೇ ಕಮಲಿಗೆ ಒಂದು ಊರು, ಒಂದು ಮೂಗುಬೊಟ್ಟು, ಎಡಗೆನ್ನೆಯ ಮೇಲೆ ಒಂದು ಮಚ್ಚೆ ದೊರಕಿದವು. ಅವಳು ದೊರೆ ಇಟ್ಟುಕೊಂಡವಳಂತೆ. ದೊರೆಸಾನಿ ವಿಲಾಯಿತಿಯಿಂದ ಬರುವ ಹೊತ್ತಿಗೆ ಸತ್ತಳಂತೆ, ಅಥವಾ ಸಾಯಿಸಿದರಂತೆ. ಅವಳನ್ನು ಹೂತ ಜಾಗದ ಗುರುತು ಉಳಿಯಲೆಂದು ದೊರೆ ಆ ಗಿಡ ನೆಟ್ಟನಂತೆ. ಅವಳನ್ನು ಕಣ್ಣಾರೆ ಕಂಡಿದ್ದ ನೆಂಟರೂ ಒಬ್ಬರು ಸಿಕ್ಕರು. ಅವರಿಗೆ ಆ ದಿನ ಎರಡು ಸಲ ಕೋಳಿಸಾರು ಬಡಿಸಿದರು.

ವರ್ಷಕ್ಕೊಮ್ಮೆ, ಹೂವೆಲ್ಲ ಮುಗಿದ ಮೇಲಿನ ಮೊದಲ ಮಂಗಳವಾರ ಮಧ್ಯಾಹ್ನ, ಹಳೆಯ ಗಿಡದ ಬುಡದಲ್ಲಿ ಎಡೆ ಇಡುವುದು ಶುರುವಾಯಿತು. ಬಾಳೆ ಎಲೆಯ ಮೇಲೆ ಕಡುಬು, ಕಾಚಂಪುಳಿಯ ಕಪ್ಪು ಹುಳಿ ಹಾಕಿ ಹುರಿದ ಹಂದಿ ಮಾಂಸ, ಒಂದು ಲೋಟ ಸಾರಾಯಿ, ಒಂದು ಕೆಂಪು ಸೀರೆ. ಎರಡನೆಯ ವರ್ಷ ಕಮಲಿ ದೊಡ್ಡವ್ವನ ಮೇಲೆ ಬಂದಳು. ದೊಡ್ಡವ್ವ ಕೂದಲು ಬಿಚ್ಚಿ, ಹಲ್ಲು ಕಚ್ಚಿ, ತೂಗುತ್ತಾ ಮಾತಾಡಿದರು. ಕಮಲಿಗೆ ಕೊಬ್ಬು ಹೆಚ್ಚಿರುವ ತುಂಡು ಇಷ್ಟ. ಕಮಲಿಗೆ ಪಕ್ಕದ ಮನೆಯವರೊಡನೆ ಮಾತು ಬೇಡ. ಕಮಲಿಗೆ ನನ್ನ ಅವ್ವ ಮಾಡಿದ ಸಾರಿನಲ್ಲಿ ಉಪ್ಪು ಸಾಲದು. ಈ ಅಭಿರುಚಿಗಳೆಲ್ಲ ಉಳಿದ ಮುನ್ನೂರು ಚಿಲ್ಲರೆ ದಿನ ದೊಡ್ಡವ್ವನದ್ದೇ ಆಗಿದ್ದವು ಎಂಬುದು ನನ್ನ ಹೊರತು ಯಾರ ಗಮನಕ್ಕೂ ಬಂದಂತಿರಲಿಲ್ಲ. ಎಡೆಯ ಸೀರೆಯನ್ನು ತಿಂಗಳು ಕಳೆದ ಮೇಲೆ ಅವರೇ ಉಡುತ್ತಿದ್ದರು.

ಇಷ್ಟು ಮೂರ್ಖತನದಿಂದ ಒಂದು ಉಪಕಾರವಾಯಿತು. ಗಿಡಗಳನ್ನು ಯಾರೂ ಮುಟ್ಟಲಿಲ್ಲ. ಆದರೆ ಮುಟ್ಟದೆ ಇರುವುದೂ ಗಿಡಕ್ಕೆ ಒಳ್ಳೆಯದಲ್ಲ. ಕೊಂಬೆ ಸವರಲು ನನಗೂ ಬಿಡಲಿಲ್ಲ, ಕಮಲಿಗೆ ನೋವಾಗುತ್ತದೆ ಎಂದರು. ಒಂದು ಸಲ ಬದನಿಕೆ ಹಿಡಿದ ರೆಂಬೆಯೊಂದನ್ನು ಕೊಯ್ದದ್ದಕ್ಕೆ ದೊಡ್ಡವ್ವ ಎರಡು ದಿನ ನನಗೆ ಬಡಿಸಲಿಲ್ಲ. ಗಿಡಗಳು ಸೊರಗಿದ ಕಾಲಿನಂತೆ ಉದ್ದಕ್ಕೆ ಬೆಳೆದವು. ಕೆಳಗೆಲ್ಲ ಬೋಳು, ಹಾವಸೆ. ಹೂವು ತುದಿಯಲ್ಲಿ ಮಾತ್ರ. ನಾನು ಬಿದ್ದ ಹೂ ಹೆಕ್ಕುತ್ತಿದ್ದೆ, ಎಲೆ ಹೊದಿಸುತ್ತಿದ್ದೆ, ಎಟುಕಿದಷ್ಟು ಮೊಗ್ಗು ಚಿವುಟುತ್ತಿದ್ದೆ. ಒಡತಿಯ ಹೆಸರಿನಲ್ಲಿ ತೋಟ ನಿಧಾನವಾಗಿ ಸಾಯುತ್ತಿತ್ತು.

ನನ್ನನ್ನು ಮಡಿಕೇರಿಯ ಕಾನ್ವೆಂಟಿಗೆ ಸೇರಿಸಿದ್ದು ಅಪ್ಪ ತನ್ನ ಜೀವನದಲ್ಲಿ ತೆಗೆದುಕೊಂಡ ಒಂದೇ ನಿರ್ಧಾರ. ಅಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಸಿಸ್ಟರ್ ಮಂಗಳೂರಿನವರು. ಹೂವಿನ ಭಾಗಗಳನ್ನು ಬಿಡಿಸಿ ನೋಡುವ ಪಾಠಕ್ಕೆ ಎಲ್ಲರೂ ದಾಸವಾಳ ತಂದಿದ್ದರು. ನಾನು ಹಾಸ್ಟೆಲಿಗೆ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಿಳಿ ಹೂವನ್ನು ಮೇಜಿನ ಮೇಲಿಟ್ಟೆ.

"ಇದು ಎಲ್ಲಿ ಸಿಕ್ಕಿತು ಮಾರಾಯ್ತಿ? ಕೆಮೀಲಿಯ. ಚಹಾ ಗಿಡದ ಅಕ್ಕ ಇದು."

"ಯಾರ ಗಿಡ, ಸಿಸ್ಟರ್?"

"ಯಾರದ್ದೂ ಅಲ್ಲ. ಅದರ ಹೆಸರೇ ಅದು. ಕೆಮೀಲಿಯ."

ಅವರು ಬೋರ್ಡಿನ ಮೇಲೆ ಬರೆದು, ಎಲೆ, ಹೂ, ಕೇಸರಗಳ ವಿವರಣೆಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದರು. ಹೂ ಮುಗಿದ ಕೂಡಲೇ ಸೊಂಟದ ಮಟ್ಟಕ್ಕೆ ಕೊಯ್ದರೆ ಎಷ್ಟು ಹಳೆಯ ಗಿಡವಾದರೂ ಬುಡದಿಂದ ಚಿಗುರುತ್ತದೆ ಎಂದೂ ಹೇಳಿದರು. ನಾನು ಬೋರ್ಡನ್ನೇ ನೋಡುತ್ತಾ ಕೂತಿದ್ದೆ. ಹಂದಿ, ಸಾರಾಯಿ, ಸೀರೆ, ಮೂಗುಬೊಟ್ಟು, ಎಲ್ಲವೂ ಆ ಬಿಳಿ ಅಕ್ಷರಗಳ ತುದಿಯಲ್ಲಿ ನೇತಾಡುತ್ತಿದ್ದವು.

ಮುಂದಿನ ರಜೆಗೆ ಬಂದಾಗ ಅವ್ವನಿಗೆ ಹೇಳಿದೆ. ಅವಳು ಹಿತ್ತಿಲಿನಲ್ಲಿ ಕೂತು ಕೋಳಿಯ ಪುಕ್ಕ ಕೀಳುತ್ತಿದ್ದಳು.

"ಅವ್ವ, ಕಮಲಿ ಹೇಳಿ ಒಬ್ಬಳು ಇರಲೇ ಇಲ್ಲೆ. ಅದು ಗಿಡದ ಹೆಸರು."

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲೆ."

"ಹೇಳ್ಬೇಡ. ಕಮಲಿ ಇದ್ದರೆ ಗಿಡ ಉಟ್ಟು. ಕಮಲಿ ಹೋದರೆ ನಾಳೆಯೇ ಕಿತ್ತಳೆ."

"ಮತ್ತೆ, ಸುಳ್ಳಲ್ವಾ?"

"ಆ ಸುಳ್ಳಿಗೆ ವರ್ಷ ವರ್ಷ ಸಾರು ಮಾಡ್ತಿರುದು ನಾನು. ಉಪ್ಪು ಸಾಲದು ಹೇಳಿ ಕೇಳ್ತಿರುದೂ ನಾನು. ನಂಗೆ ಕಲಿಸಿಕೆ ಬರ್ಬೇಡ."

ಅವಳು ಪುಕ್ಕ ಕೀಳುವುದನ್ನು ಮುಂದುವರಿಸಿದಳು. ಅವಳ ಮೇಲೂ ನನಗೆ ಅಂದು ತಿರಸ್ಕಾರ ಬಂತು. ನಿಜ ಗೊತ್ತಾದ ಮೇಲೂ ಅಷ್ಟು ಸಲೀಸಾಗಿ ಕೆಲಸ ಮಾಡುವವರನ್ನು ನಾನು ಆ ವಯಸ್ಸಿನಲ್ಲಿ ಕ್ಷಮಿಸುತ್ತಿರಲಿಲ್ಲ.

ಹೈಸ್ಕೂಲಿನ ಕೊನೆಯ ಪರೀಕ್ಷೆ ಮುಗಿಸಿ ಬಂದಾಗ ತೋಟದಲ್ಲಿ ಹೂವು ಮುಗಿದಿತ್ತು, ಎಡೆಯ ಮಂಗಳವಾರ ಹತ್ತಿರವಿತ್ತು. ಬಂಗಲೆಯ ಎರಡು ಕೋಣೆಗಳಿಗೆ ಬೆನ್ನಿಗೆ ಬೆನ್ನು ಕೊಟ್ಟ ಅಗ್ಗಿಷ್ಟಿಕೆಗಳಿದ್ದವು, ಹೊಗೆಗೂಡು ಒಂದೇ. ಈ ಕಡೆ ಕೂತರೆ ಆ ಕಡೆಯ ಮಾತು, ಮಸಿಯ ವಾಸನೆಯೊಡನೆ, ಸ್ಪಷ್ಟವಾಗಿ ಬರುತ್ತಿತ್ತು. ನಾನು ಓದುತ್ತಾ ಕೂತಿದ್ದೆ.

"ಕಮಲಿ ಇರುವಷ್ಟು ಕಾಲ ಒಬ್ಬನೂ ಕತ್ತಿ ಎತ್ತುದಿಲ್ಲೆ," ಎಂದರು ದೊಡ್ಡಪ್ಪ. "ನೀನೇ ಹೊರಡ್ಸು ಅದನ್ನ."

"ನಾ ಹೇಂಗೆ ಹೊರಡ್ಸುದು?"

"ಮೈ ಮೇಲೆ ಬಂದಾಗ ಹೇಳು. ನಾ ಹೊರಟೆ, ಗಿಡ ಕಡಿರಿ ಹೇಳಿ."

"ವರ್ಷಕ್ಕೆ ಒಂದು ದಿನ ಈ ಮನೆಲಿ ನನ್ನ ಮಾತು ನಡೆಯುದು," ಎಂದರು ದೊಡ್ಡವ್ವ. "ಅದನ್ನೂ ಬಿಡೊಕಾ?"

"ಕಿತ್ತಳೆ ಬಂದ ಮೇಲೆ ನೀನು ಎಸ್ಟೇಟಿನ ದೊರೆಸಾನಿ. ವರ್ಷ ಪೂರ್ತಿ ನಡೆಯುತ್ತೆ."

ದೊಡ್ಡವ್ವ ನಕ್ಕದ್ದು ಕೇಳಿಸಿತು. ಅವರ ತೂಗಾಟ ನಿಜವೋ ನಟನೆಯೋ ಎಂಬ ಬಗ್ಗೆ ನನ್ನಲ್ಲಿ ಒಂದು ಸಣ್ಣ ಸಂಶಯವಾದರೂ ಉಳಿದಿತ್ತು. ಅದನ್ನೂ ಅವರು ಉಳಿಸಲಿಲ್ಲ. ಮರ ಕೊಯ್ಯುವವರಿಗೆ ಬುಧವಾರ ಬೆಳಿಗ್ಗೆ ಬರಲು ಆಗಲೇ ಹೇಳಿಯಾಗಿತ್ತು.

ನಾನು ಯೋಚಿಸಿದೆ. ಕಮಲಿ ಇಲ್ಲವೆಂದು ಎಲ್ಲರ ಮುಂದೆ ಹೇಳಿದರೆ, ಹೆದರುವುದಕ್ಕೆ ಏನೂ ಇಲ್ಲ, ಗಿಡ ಕಡಿಯುತ್ತಾರೆ. ಸುಮ್ಮನಿದ್ದರೆ ಕಮಲಿಯೇ ಅಪ್ಪಣೆ ಕೊಡುತ್ತಾಳೆ, ಗಿಡ ಕಡಿಯುತ್ತಾರೆ. ನಿಜಕ್ಕೂ ಸುಳ್ಳಿಗೂ ನಮ್ಮ ಮನೆಯಲ್ಲಿ ಒಂದೇ ಫಲ.

ಮಂಗಳವಾರ ನೆಂಟರು ಸೇರಿದರು. ಎಡೆ ಇಟ್ಟರು. ದೊಡ್ಡವ್ವ ಕೂದಲು ಬಿಚ್ಚಿ ತೂಗತೊಡಗಿದರು. "ನಾ ಹೊರಟೆ," ಎಂದರು, ಹಲ್ಲಿನ ನಡುವಿನಿಂದ. "ನಂಗೆ ಸಾಕಾತ್. ಗಿಡ ಕಡಿರಿ, ದಾರಿ ಬಿಡಿ." ದೊಡ್ಡಪ್ಪ ಕೈ ಮುಗಿದು, ನೆಂಟರಿಗೆಲ್ಲ ಕೇಳುವಂತೆ, "ನಿನ್ನ ಮಾತಿನಂತೆ ಆಗಲಿ ತಾಯಿ" ಎಂದರು. ಆಗ ನಾನು ಹಿಡಿದಿದ್ದ ಹಿತ್ತಾಳೆ ತಟ್ಟೆಯನ್ನು ಕೆಳಗೆ ಬಿಟ್ಟೆ. ಅದು ಕಲ್ಲಿನ ಮೇಲೆ ಬಿದ್ದು ಇಳಿಜಾರಿನಲ್ಲಿ ಉರುಳುತ್ತಾ ಹೋಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೂದಲು ಬಿಚ್ಚಲಿಲ್ಲ, ತೂಗಲಿಲ್ಲ. ನೆಟ್ಟಗೆ ನಿಂತು, ಸಿಸ್ಟರ್ ಕಲಿಸಿದ ಉಚ್ಚಾರದಲ್ಲಿ, ಮೌಖಿಕ ಪರೀಕ್ಷೆಗೆ ಒಪ್ಪಿಸುವಂತೆ ಹೇಳಿದೆ.

"ಲೀವ್ಸ್ ಆಲ್ಟರ್ನೇಟ್, ಸಿಂಪಲ್, ಸೆರೇಟ್. ಫ್ಲವರ್ಸ್ ಸಾಲಿಟರಿ. ಸ್ಟೇಮೆನ್ಸ್ ಮೆನಿ."

ದೊಡ್ಡವ್ವನ ತೂಗಾಟ ನಿಂತಿತು. ನೆಂಟರಲ್ಲಿ ಹಿರಿಯರೊಬ್ಬರು ಎದ್ದು ನಿಂತು, ತಲೆಯ ವಸ್ತ್ರ ತೆಗೆದರು.

"ದೊರೆ ಹತ್ತಿರ ಇದ್ದ ಹೆಣ್ಣಲ್ವಾ," ಎಂದರು ಅವರು ಪಿಸುಮಾತಿನಲ್ಲಿ. "ಇಂಗ್ಲಿಷೇ ಮಾತಾಡೊಕು. ಇಷ್ಟ್ ವರ್ಷ ಇದು ನಮ್ಮ ಭಾಷೆ ಮಾತಾಡಿದ್ದೇ ನಂಗೆ ಸಂಶಯ." ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು. "ಎಂಥ ಹೇಳ್ತುಟ್ಟು? ನಿಂಗೆ ಇಂಗ್ಲಿಷ್ ಗೊತ್ತುಟ್ಟಲ್ಲ."

ದೊಡ್ಡಪ್ಪನ ಮುಖದಲ್ಲಿ ನಾನು ಎರಡು ಭಯಗಳನ್ನು ಕಂಡೆ. ಕಮಲಿಯ ಭಯ ಚಿಕ್ಕದು. ಗೊತ್ತಿಲ್ಲ ಎನ್ನಬೇಕಾದೀತು ಎಂಬುದು ದೊಡ್ಡದು. ಅವರು ಗಂಟಲು ಸರಿಮಾಡಿಕೊಂಡರು.

"ಲೀವ್ ಹೇಳ್ತುಟ್ಟು. ಲೀವ್ ಹೇಳಿರೆ..." ಅವರ ಕಣ್ಣು ಹೊಳೆಯಿತು. "ಲೀವ್ ಹೇಳಿರೆ ಹೊರಡುದು. ಹೊರಡ್ತೆ ಹೇಳ್ತುಟ್ಟು. ಸಿಂಪಲ್."

ಒಂದು ಕ್ಷಣ ನನ್ನ ಗಿಡಗಳು ಎಲೆಯ ವರ್ಣನೆಯಿಂದಲೇ ಸತ್ತವು ಎಂದುಕೊಂಡೆ. ಆದರೆ ದೊಡ್ಡಪ್ಪನ ಗಂಟಿನಲ್ಲಿ ಯಾವ ಯಾವ ಶಬ್ದಗಳಿವೆ ಎಂಬುದು ನನಗೆ ಗೊತ್ತಿತ್ತು. ಎಸ್ಟೇಟಿನ ಆಳುಗಳ ಲೈನುಮನೆಗಳಲ್ಲಿ ಎಲ್ಲರ ಬಾಯಲ್ಲೂ ಯಾವ ಶಬ್ದಗಳಿವೆ ಎಂಬುದೂ ಗೊತ್ತಿತ್ತು. ಅವರನ್ನೇ ನೋಡುತ್ತಾ ಹೇಳಿದೆ.

"ನೋ ಕಟಿಂಗ್."

"ಕಟಿಂಗ್ ನಂಗೂ ಗೊತ್ತು," ಎಂದರು ಹಿರಿಯರು. "ನೋ ಕೂಡ ಗೊತ್ತು."

ದೊಡ್ಡವ್ವ ನನ್ನನ್ನು ದೀರ್ಘವಾಗಿ ನೋಡಿದರು. ಅವರಿಗೆ ಅರ್ಥವಾಗಿತ್ತು. ಅಲ್ಲಿದ್ದವರಲ್ಲಿ ನನ್ನನ್ನು ಹಿಡಿದುಕೊಡಬಲ್ಲವರು ಅವರೊಬ್ಬರೇ. ಹಿಡಿದುಕೊಟ್ಟರೆ ತಾವೂ ಸಿಕ್ಕಿಬೀಳುತ್ತಾರೆ. ಕೂದಲನ್ನು ಹಿಂದಕ್ಕೆ ಎಳೆದು ಗಂಟು ಹಾಕಿಕೊಂಡು, ತಮ್ಮ ಮಾಮೂಲಿ ದನಿಯಲ್ಲಿ, "ನನ್ನ ಬಿಟ್ಟು ಗೂಡೆ ಮೇಲೆ ಹೋತ್" ಎಂದು ಎದ್ದು, ಎಡೆಯ ಎಲೆ ಮಡಚತೊಡಗಿದರು. ಆ ಸಂಜೆ ಅವ್ವ ಬಡಿಸುವಾಗ ಬಗ್ಗಿ, "ಸೆರೇಟ್ ಹೇಳಿರೆ ಎಂಥ?" ಎಂದು ಕೇಳಿದಳು. ಗರಗಸದ ಹಲ್ಲಿನಂಥ ಅಂಚು ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಬುಧವಾರ ಬೆಳಿಗ್ಗೆ ಮರ ಕೊಯ್ಯುವವರು ಬಂದರು. ಅವರಿಗೆ ಬರಬೇಡಿ ಎಂದು ಹೇಳಿ ಕಳಿಸುವ ಧೈರ್ಯ ದೊಡ್ಡಪ್ಪನಿಗಿರಲಿಲ್ಲ, ಹಾಗೆ ಹೇಳಿದರೆ ಕಾರಣವನ್ನೂ ಹೇಳಬೇಕು. ಇಬ್ಬರೂ ಮಲಯಾಳಿಗಳು. ಉದ್ದ ಗರಗಸವನ್ನು ಹೆಗಲ ಮೇಲೆ ಹೊತ್ತು ಇಳಿಜಾರಿನಲ್ಲಿ ನಿಂತು, ಜಗಲಿಯಲ್ಲಿದ್ದ ದೊಡ್ಡಪ್ಪನನ್ನು ನೋಡಿದರು. ದೊಡ್ಡಪ್ಪ ನನ್ನನ್ನು ನೋಡಿದರು. ನಾನು ಅಡುಗೆಮನೆಯಿಂದ ಸುಣ್ಣದ ಡಬ್ಬಿ ತೆಗೆದುಕೊಂಡು ಕೆಳಗಿಳಿದೆ.

"ಕಡಿಯುದಾ, ಬಿಡುದಾ?" ಎಂದ ಅವರಲ್ಲಿ ಹಿರಿಯವ.

"ಎರಡೂ ಅಲ್ಲ."

ಹಳೆಯ ಗಿಡದ ಬಳಿ ನಿಂತು, ಸಿಸ್ಟರ್ ಹೇಳಿದ್ದಂತೆ ನನ್ನ ಸೊಂಟದ ಮಟ್ಟಕ್ಕೆ ಕಾಂಡದ ಸುತ್ತ ಬೆರಳಿನಿಂದ ಸುಣ್ಣದ ಗೆರೆ ಎಳೆದೆ. ಜಗಲಿಯಿಂದ ಯಾರೂ ಬೇಡ ಎನ್ನಲಿಲ್ಲ. ಎರಡನೆಯವ ಮಾತ್ರ ಅಲ್ಲಿ ಎಡೆಯ ಕುಂಕುಮ ಕಂಡು ಹಿಂದೆ ಸರಿದು, ಗರಗಸದ ತನ್ನ ತುದಿಯನ್ನು ಬಿಟ್ಟುಬಿಟ್ಟ. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ತುದಿಯನ್ನು ಹಿಡಿದು, "ಎಳೆಯಿರಿ" ಎಂದೆ.